ತಿಂಗಳ ಕೊನೆಯ ಸಾರು: ಪಠ್ಯ, ಪಾಠಾಂತರ ಮತ್ತು ‘ಕೈ 10’ರ ಸಮಸ್ಯೆ

ಅಡುಗೆಯನ್ನು ಶಾಸ್ತ್ರವೆಂದು ಬಗೆದು ಬರೆದವರಿಗೆ ನಮ್ಮಲ್ಲಿ ಬರವಿಲ್ಲ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರು ಹುಡುಕುವುದು, ಗಿಡ ಬೆಳೆಸುವುದು, ವಿಷ ಇಳಿಸುವುದು ಇವುಗಳ ನಡುವೆ ಅಡುಗೆಗೂ ಜಾಗ ಮಾಡಿಕೊಟ್ಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದ ‘ಮಾನಸೋಲ್ಲಾಸ’ ಬರೆದು, ಅರಸನ ಭೋಗಗಳ ಪಟ್ಟಿಗೆ ಊಟವನ್ನು ಸೇರಿಸಿದ. 16ನೆಯ ಶತಮಾನದ ಮೂರನೆಯ ಮಂಗರಸನಂತೂ ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ ಎಂಬ ಇಡೀ ಪುಸ್ತಕವನ್ನೇ ಬಡಿಸಿದ.

ಈ ಮೂವರು ಮಹನೀಯರ ಮುಂದೆ ಪ್ರಸ್ತುತ ಲೇಖಕ ಒಂದು ಪ್ರಶ್ನೆ ಇಡುತ್ತಾನೆ. ತಾರೀಖು ಇಪ್ಪತ್ತೇಳು. ಡಬ್ಬದಲ್ಲಿ ಒಂದು ಹಿಡಿ ಬೇಳೆ. ಮನೆಯಲ್ಲಿ ಆರು ಜನ. ಏನು ಮಾಡತಕ್ಕದ್ದು?

ಮೂವರೂ ಮೌನ. ಸೋಮೇಶ್ವರನನ್ನು ಬಯ್ದು ಪ್ರಯೋಜನವಿಲ್ಲ. ಅರಸನಿಗೆ ಸಂಬಳವಿರಲಿಲ್ಲ, ಸಂಬಳವಿಲ್ಲದವನಿಗೆ ತಿಂಗಳ ಕೊನೆ ಎಂಬುದೂ ಇರುವುದಿಲ್ಲ. ಮಂಗರಸ ಬದನೆಕಾಯಿಯನ್ನು ಬಗೆಬಗೆಯಾಗಿ ಬೇಯಿಸಲು ಹೇಳಿಕೊಡುತ್ತಾನೆ. ಬದನೆಕಾಯಿ ಅರ್ಧವೇ ಇದ್ದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಎಂಟುನೂರು ಒಂಬೈನೂರು ವರ್ಷ ತೆರೆದೇ ಬಿದ್ದಿದ್ದ ಈ ಕಂದಕವನ್ನು ಮುಚ್ಚುವ ಭಾರ ಕೊನೆಗೆ ನನ್ನ ಮೇಲೆ ಬಿದ್ದಿದೆ. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ಆಕರ

ನಮ್ಮ ಆಕರ ಒಂದು ಕಬ್ಬಿಣದ ತಂತಿ. ಬುಡದಲ್ಲಿ ಮರದ ಬಿಲ್ಲೆ, ಮೇಲೆ ಕೊಕ್ಕೆಯ ಹಾಗೆ ಬಾಗಿದ ಮೊನೆ. ಮೈಸೂರಿನ ಅಗ್ರಹಾರದ ವಠಾರವೊಂದರ ಮೂರನೇ ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಗೆ ಇದು ನೇತಾಡುತ್ತಿತ್ತು. ಅಮ್ಮ ಪ್ರತಿ ತಿಂಗಳ ದಿನಸಿ ಚೀಟಿಯನ್ನು ಶೆಟ್ಟರ ಅಂಗಡಿಯಿಂದ ವಾಪಸ್ ಬಂದ ಮೇಲೆ ಇದಕ್ಕೆ ಚುಚ್ಚುತ್ತಿದ್ದಳು. ಈಗ ಉಳಿದಿರುವುದು 31 ಚೀಟಿ. ಕಾಲ 1986ರಿಂದ 1989. ತಾಳೆಗರಿಗೂ ನಡುವೆ ತೂತು ಇರುತ್ತದೆ. ಆದ್ದರಿಂದ ಇದು ತಾಳೆಗರಿ ಪರಂಪರೆಯ ಕೊನೆಯ ಕೊಂಡಿ ಎಂದು ಯಾರಾದರೂ ವಾದಿಸಿದರೆ ನಾನು ಅಡ್ಡ ಬರುವುದಿಲ್ಲ.

ಪ್ರತಿಗಳಲ್ಲಿ ‘ಕ’ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಬರೆದದ್ದು. ‘ಚ’ ಕ್ಯಾಲೆಂಡರಿನ ಹಾಳೆ. ಹಾಲಿನ ಲೆಕ್ಕವೂ ಅದರಲ್ಲೇ ಇರುವುದರಿಂದ ದ್ವಿಭಾಷಾ ಶಾಸನದಷ್ಟೇ ಬೆಲೆಯುಳ್ಳದ್ದು. ‘ತ’ ಪ್ರತಿಯ ಹಿಂಬದಿಯಲ್ಲಿ ಯಾವನೋ ಹುಡುಗನ ಗಣಿತದ ಉತ್ತರ ಪತ್ರಿಕೆಯಿದ್ದು 25ಕ್ಕೆ 11 ಎಂಬ ಕೆಂಪು ಬರಹವಿದೆ. ಅದಕ್ಕೂ ಪ್ರಸ್ತುತ ಸಂಶೋಧನೆಗೂ ಸಂಬಂಧವಿಲ್ಲ.

‘ಕ’ ಪ್ರತಿಯ ಪಾಠ ಹೀಗಿದೆ: ಅಕ್ಕಿ (ಸೊಸೈಟಿ). ರಾಗಿ 10. ಹುರುಳಿ 1. ಹುಣಸೆ ½. ಬ್ಯಾಡಗಿ 100. ಗುಂಟೂರು 50. ಕಡ್ಲೆಕಾಯೆಣ್ಣೆ 1. ಬೆಲ್ಲ 1. ಇಂಗು ಚಿಕ್ಕದು. ಇವುಗಳ ನಡುವೆ ‘ತೊ. ಬೇ.’ ಎಂದು ಬರೆದು ಮುಂದಿನ ಅಂಕಿ ಇರಬೇಕಾದ ಕಡೆ ತೂತು. ಬೇರೆ ಚೀಟಿಗಳನ್ನು ನೋಡಿದೆ. ಅಲ್ಲೂ ತಂತಿ ತೊಗರಿ ಬೇಳೆಯ ತೂಕವನ್ನೇ ಹುಡುಕಿಕೊಂಡು ಹೋಗಿ ಚುಚ್ಚಿದೆ. 31ರಲ್ಲಿ 22 ಕಡೆ ಹೀಗಾಗಿರುವುದನ್ನು ಆಕಸ್ಮಿಕ ಎನ್ನಲು ಸಾಧ್ಯವಿಲ್ಲ. ಅಮ್ಮನನ್ನು ಕೇಳಿದೆ. “ಚೀಟಿ ಅಜ್ಜಿ ಕೈಗೆ ಸಿಕ್ಕರೆ ‘ಇಷ್ಟೇನಾ ಬೇಳೆ’ ಅಂತಿದ್ರು,” ಎಂದಳು. ಗ್ರಂಥಪಾತಗಳಲ್ಲಿ ಗೆದ್ದಲು ತಿಂದದ್ದು, ನೀರು ಬಿದ್ದದ್ದು, ಲಿಪಿಕಾರನ ಕಣ್ತಪ್ಪು ಎಂದು ಮೂರು ಬಗೆಯನ್ನು ಪಂಡಿತರು ಬಲ್ಲರು. ಅತ್ತೆಯ ಕಣ್ಣಿಗೆ ಬೀಳದಿರಲೆಂದು ಮಾಡಿದ್ದು ನಾಲ್ಕನೆಯ ಬಗೆ.

ಇನ್ನು ಪ್ರಕ್ಷೇಪ. ‘ಟ’ ಪ್ರತಿಯ ಕೊನೆಗೆ ಬೇರೆಯೇ ಕೈಬರಹದಲ್ಲಿ, ದುಂಡಗೆ, ‘ಪೆಪ್ಪರ್‌ಮೆಂಟು 20’ ಎಂದಿದೆ. ಇದು ಮೂಲಕರ್ತೃವಿನದಲ್ಲ ಎಂಬುದು ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಶೆಟ್ಟರಿಗೆ ಗೊತ್ತಾಗಲಿಲ್ಲ. ಅಮ್ಮನಿಗೆ ಗೊತ್ತಾಯಿತು. ಅದರ ಪರಿಣಾಮಗಳು ಈ ಪ್ರಬಂಧದ ವ್ಯಾಪ್ತಿಗೆ ಮೀರಿದವು.

ಧ್ವನಿ ಪ್ರಕರಣ

ರಸ ಎಂದರೇನು ಎಂದು ವಿವರಿಸಲು ಭರತಮುನಿ ಹೋಲಿಕೆ ಹುಡುಕಿಕೊಂಡು ಹೋದದ್ದು ಅಡುಗೆಮನೆಗೆ. ನಾನಾ ವ್ಯಂಜನಗಳು ಕೂಡಿ ರುಚಿ ಹುಟ್ಟುವ ಹಾಗೆ ಎಂದ. ನಾವು ಅವನ ಸಾಲ ತೀರಿಸಲು ಕಾವ್ಯಮೀಮಾಂಸೆಯನ್ನು ಸಾರಿನ ಪಾತ್ರೆಗೆ ಮರಳಿ ತರುತ್ತಿದ್ದೇವೆ.

ಶಬ್ದಕ್ಕೆ ಮೂರು ಅರ್ಥ: ವಾಚ್ಯ, ಲಕ್ಷ್ಯ, ವ್ಯಂಗ್ಯ. ಸಾರಿಗೂ ಅಷ್ಟೇ. ಒಂದನೇ ತಾರೀಖಿನಿಂದ ಏಳರವರೆಗಿನದು ವಾಚ್ಯ ಸಾರು; ಬೇಳೆ ಕಣ್ಣಿಗೆ ನೇರವಾಗಿ ಕಾಣುತ್ತದೆ, ಸೌಟಿಗೆ ಹತ್ತುತ್ತದೆ, ಅನ್ನದ ಗುಂಡಿಯಲ್ಲಿ ನಿಲ್ಲುತ್ತದೆ. ಎಂಟರಿಂದ ಇಪ್ಪತ್ತರವರೆಗೆ ಲಕ್ಷ್ಯ ಸಾರು. ಬೇಳೆ ಎಲ್ಲೋ ಇದೆ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಇಪ್ಪತ್ತರ ಮೇಲಿನದು ವ್ಯಂಗ್ಯ ಸಾರು. ಇಲ್ಲಿ ಬೇಳೆ ಕಾಣಬಾರದು, ಧ್ವನಿಸಬೇಕು. ಆನಂದವರ್ಧನ 9ನೆಯ ಶತಮಾನದ ಕಾಶ್ಮೀರದಲ್ಲಿ ಕೂತು ಇದನ್ನೇ ಕಾವ್ಯದ ಆತ್ಮವೆಂದ. ನಮ್ಮ ತಂಗಿ ಇದನ್ನು ಬಿಸಿನೀರು ಎಂದಳು. ಸಹೃದಯರಲ್ಲದವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಧ್ವನಿ ಎಂಬುದನ್ನು ನಾನು ಬರೀ ಅಲಂಕಾರಕ್ಕೆ ಹೇಳುತ್ತಿಲ್ಲ. ವಠಾರದಲ್ಲಿ ಐದು ಮನೆಗೆ ಒಂದೇ ಗೋಡೆ. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬ ಲೆಕ್ಕ ಉಳಿದ ನಾಲ್ಕು ಮನೆಯವರಿಗೂ ಇರುತ್ತಿತ್ತು. ಅನ್ನವನ್ನು ಚರಿಗೆಯಲ್ಲೇ ಬಸಿಯುತ್ತಿದ್ದ ಕಾಲ. ಕುಕ್ಕರ್ ಏರಿತೆಂದರೆ ಬೇಳೆಗೆ ಎಂದೇ ಅರ್ಥ. ಇಪ್ಪತ್ತೈದರ ಮೇಲೆ ಅಮ್ಮ ಕುಕ್ಕರಿಗೆ ಒಂದು ಆಲೂಗೆಡ್ಡೆ ಹಾಕಿ ಮೂರು ಸಲ ಕೂಗಿಸುತ್ತಿದ್ದಳು. ಆಲೂಗೆಡ್ಡೆಗೆ ಅಷ್ಟು ಬೇಕಿರಲಿಲ್ಲ. ನಾಲ್ಕು ಮನೆಗೆ ಬೇಕಿತ್ತು. ಬೇಳೆಯಿಲ್ಲದೆ ಬೇಳೆಯ ಅರ್ಥ ಹುಟ್ಟಿಸುವ ಈ ಕ್ರಮಕ್ಕೆ ಆಲಂಕಾರಿಕರಲ್ಲಿ ಹೆಸರಿದ್ದರೆ ನನಗೆ ತಿಳಿಸಬೇಕು.

ಬ್ಯಾಡಗಿ 100, ಗುಂಟೂರು 50 ಎಂಬ ಪ್ರಮಾಣದ ಮರ್ಮವೂ ಇಲ್ಲೇ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ; ಗುಂಟೂರಿಗೆ ಖಾರವೇ ಕೆಲಸ. ಸಾರು ತೆಳುವಾದಷ್ಟೂ ಬಣ್ಣ ಏರಬೇಕು, ಕಣ್ಣು ಮೊದಲು ಒಪ್ಪಬೇಕು. ಖಾರ ಒಂದು ಗೆರೆ ಹೆಚ್ಚಾದರೆ ಊಟ ಮಾಡುವವನ ಗಮನ ಬೇಳೆಯಿಂದ ಮೂಗಿಗೆ ಹೋಗುತ್ತದೆ. 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದರ ಬಣ್ಣವನ್ನು ಎಲ್ಲರೂ ಹೊಗಳಿದರು. ಅದು ಎಷ್ಟು ಮನೆಗಳ ಮಾನ ಕಾದಿದೆ ಎಂದು ಯಾರೂ ಹೇಳಲಿಲ್ಲ.

ಬಸ್ಸಾರು: ಸಿದ್ಧಾಂತ

ಪೂರ್ವಪಕ್ಷದವರು ಹೀಗೆ ಕೇಳಬಹುದು: ನೀರು ಬೆರೆಸುವುದೇ ಶಾಸ್ತ್ರವಾದರೆ ನಲ್ಲಿಯೇ ಆಚಾರ್ಯನಲ್ಲವೆ? ಅಲ್ಲ. ನೀರು ಹಾಕುವುದು ಯಾರಿಗಾದರೂ ಬರುತ್ತದೆ. ಹಾಕಿದ ನೀರನ್ನು ಬಿಡದಿರುವುದು ವಿದ್ಯೆ. ಬಸಿದ ಸಾರು ಬಸ್ಸಾರು. ಹುರುಳಿಯನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸಿ, ಬಸಿದು, ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದ ಕಟ್ಟಿಗೆ ಹುಣಸೆ, ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಒಂದು ಚೂರು ಕಾಯಿ, ಬೆಂದ ಕಾಳಲ್ಲೇ ಒಂದು ಹಿಡಿ ರುಬ್ಬಿ ಕುದಿಸಿದರೆ ಸಾರು. ಒಂದು ಒಲೆ, ಒಂದು ಪಾತ್ರೆ, ಎರಡು ಅಡುಗೆ. ಅದ್ವೈತಿಗಳು ಪಾತ್ರೆ ನೋಡಿ ಒಂದೇ ಎನ್ನುತ್ತಾರೆ, ದ್ವೈತಿಗಳು ತಟ್ಟೆ ನೋಡಿ ಎರಡು ಎನ್ನುತ್ತಾರೆ. ಇಬ್ಬರೂ ಮುದ್ದೆ ಮುರಿಯುತ್ತಾರೆ.

ತೊಗರಿಯ ಬಾಲ ಹಿಡಿದು ಓಡುವವರಿಗೆ ಒಂದು ಮಾತು. ಪ್ರೋಟೀನ್ ಲೆಕ್ಕದಲ್ಲಿ ಹುರುಳಿ ತೊಗರಿಗೆ ಕಡಿಮೆಯೇನಲ್ಲ. ಎರಡೂ 100 ಗ್ರಾಂಗೆ 22 ಗ್ರಾಂ ಆಸುಪಾಸು. ಆದರೆ ಹುರುಳಿ ಎತ್ತಿಗೂ ಕುದುರೆಗೂ ಹಾಕುವ ಕಾಳು ಎಂಬ ಅಪವಾದ ಹೊತ್ತದ್ದು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋದಾಗ ಎಷ್ಟೋ ಮನೆಗಳಲ್ಲಿ ಕುದುರೆಯ ಪಾಲು ಮನುಷ್ಯರಿಗೆ ವರ್ಗಾವಣೆಯಾಯಿತು. ಯಾರೂ ಕೆನೆಯಲಿಲ್ಲ.

ರಾಗಿಯ ವಿಷಯದಲ್ಲಿ ನಮ್ಮ ಪರಂಪರೆ ಇನ್ನೂ ಗಟ್ಟಿ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹತ್ತಿ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ; ಅಕ್ಕಿ ಕೆಡುತ್ತದೆ, ರಾಗಿ ಗೆಲ್ಲುತ್ತದೆ. ಭಕ್ತರು ಇದರಲ್ಲಿ ದೈನ್ಯದ ಗೆಲುವನ್ನು ಕಾಣುತ್ತಾರೆ. ಪ್ರಸ್ತುತ ಲೇಖಕ ಕಾಣುವುದು ಕನ್ನಡದ ಮೊದಲ ದಾಸ್ತಾನು ಪರೀಕ್ಷೆಯನ್ನು. ಹಗೇವಿನಲ್ಲಿ ವರ್ಷಗಟ್ಟಲೆ ಹುಳ ಬೀಳದೆ ಇರುವ ಧಾನ್ಯ ಯಾವುದೆಂದು ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು, ಸಾಕ್ಷಿಗೆ ರಾಮನನ್ನು ಕರೆದರು, ಅಷ್ಟೆ. ವಿಶ್ವಸಂಸ್ಥೆ 2023ನ್ನು ಕಿರುಧಾನ್ಯಗಳ ವರ್ಷವೆಂದು ಸಾರಿತು. ನಾವು ಅವನ್ನು ಸಿರಿಧಾನ್ಯ ಎನ್ನುತ್ತೇವೆ. ಬಡವರು ತಿನ್ನುತ್ತಿದ್ದಷ್ಟು ದಿನ ಈ ‘ಸಿರಿ’ ಎಂಬ ಪೂರ್ವಪದ ಎಲ್ಲಿತ್ತು? ವ್ಯಾಕರಣಜ್ಞರು ಗಮನಿಸಬೇಕು: ಬೆಲೆ ಏರಿದಾಗ ಆಗಮವಾಗುವ ಪದ ಇದೊಂದೇ.

ಟೊಮೆಟೊ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಅಮೆರಿಕ ಖಂಡದ ಈ ಹಣ್ಣು ಮಂಗರಸನ ಅಡುಗೆಮನೆಗೆ ಬಂದಿರಲಿಲ್ಲ, ಆದ್ದರಿಂದ ಅವನಿಗೆ ಅದರ ಬೆಲೆಯ ಚಿಂತೆಯೂ ಇರಲಿಲ್ಲ. 2023ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಿಲೋ ಟೊಮೆಟೊ 100 ದಾಟಿ, ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಟೊಮೆಟೊ ಕದ್ದರೆಂದು ಪೊಲೀಸರಿಗೆ ದೂರು ಹೋದಾಗ, ಅಮ್ಮ ಜಾಡಿಯಿಂದ ಹುಣಸೆಹಣ್ಣು ತೆಗೆದು ನೀರಿಗೆ ಹಾಕಿ ಟಿವಿ ನೋಡುತ್ತಾ ಕೂತಳು.

ತುಪ್ಪದ ಪ್ರಕರಣ

ಈ ಪ್ರಕರಣ ಲುಪ್ತವಾಗಿದೆ.

ಅತಿಥಿ ಪ್ರಕರಣ, ಗಷ್ಟಿನ ವಿಚಾರ ಸಹಿತ

ತಿಥಿ ನೋಡದೆ ಬರುವವನು ಅತಿಥಿ ಎಂದು ನಿಘಂಟುಗಳು ಹೇಳುತ್ತವೆ. ತಪ್ಪು. ಅನುಭವದಲ್ಲಿ ಅವನು ಇಪ್ಪತ್ತಾರರಿಂದ ಮೂವತ್ತರೊಳಗೆ ನೋಡಿಕೊಂಡೇ ಬರುತ್ತಾನೆ. ಅಪ್ಪ ಹೊಸಿಲ ಹೊರಗಿನಿಂದಲೇ “ಯಾರು ಬಂದ್ರು ನೋಡೇ” ಎಂದು ಕೂಗಿದರೆ, ಅಮ್ಮ ಒಳಗಿನಿಂದ ನನಗೆ “ಲೋ, ಕೊಡಪಾನದಲ್ಲಿ ನೀರಿದೆಯಾ ನೋಡೋ” ಎನ್ನುತ್ತಿದ್ದಳು. ಬಂದವರು ಕೈಕಾಲು ತೊಳೆಯಲು ನೀರು ಎಂದುಕೊಳ್ಳುತ್ತಿದ್ದರು. ಸೂತ್ರ ಇಷ್ಟು: ತಲೆಗೊಂದು ಲೋಟ ನೀರು, ಅರ್ಧ ಚಮಚ ಸಾರಿನ ಪುಡಿ, ಎರಡು ಹರಳು ಉಪ್ಪು, ಹಿಂಡಿದ ಹುಣಸೆಯನ್ನೇ ಇನ್ನೊಮ್ಮೆ ಹಿಂಡುವುದು, ಕೊನೆಗೆ ಇಂಗಿನ ಒಗ್ಗರಣೆ ಮತ್ತೊಂದು ಸಲ. ಮೂರನೇ ಅತಿಥಿಯ ಮೇಲೆ ಸೂತ್ರ ಮುರಿದು ಬೀಳುತ್ತದೆ, ಆಗ ಉಪ್ಪಿಟ್ಟು.

ಈಗ ಗಷ್ಟು. ಸಾರು ನಿಂತರೆ ತಿಳಿ ಮೇಲೆ, ಗಷ್ಟು ಕೆಳಗೆ. ಸೌಟನ್ನು ತಳ ಮುಟ್ಟಿಸಿ ಕಲಕಿ ಬಡಿಸಿದರೆ ಮರ್ಯಾದೆ, ಮೇಲಿಂದ ತೇಲಿಸಿ ಬಡಿಸಿದರೆ ಮಕ್ಕಳು. ಮೊದಲ ಪಂಕ್ತಿಗೆ ತಿಳಿ ಹೋದರೆ ಕೊನೆಗೆ ಕೂತವರಿಗೆ ಗಷ್ಟು ಸಿಗಲೇಬೇಕು, ಇದು ಭೌತಶಾಸ್ತ್ರ. ಆದ್ದರಿಂದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಪುಷ್ಟಿಕರವಾದ ಊಟ ಮಾಡುತ್ತಿದ್ದವಳು ಕೊನೆಗೆ ಕೂರುತ್ತಿದ್ದ ಅಮ್ಮನೇ ಎಂಬುದು ನನ್ನ ಸ್ವತಂತ್ರ ಶೋಧನೆ. ಇದನ್ನು ಅವಳ ಮುಂದೆ ಮಂಡಿಸಿದೆ. “ಗಷ್ಟೂ ಇರ್ತಿರಲಿಲ್ಲ ಕಣೋ. ಅದಕ್ಕೇ ಪಾತ್ರೆ ಬೆಳಗೋದು ಬೇಗ ಆಗ್ತಿತ್ತು,” ಎಂದಳು. ಶೋಧನೆಯನ್ನು ಹಿಂದಕ್ಕೆ ಪಡೆದಿದ್ದೇನೆ.

ಪ್ರಯೋಗ

ಪ್ರಯೋಗವಿಲ್ಲದ ಶಾಸ್ತ್ರ ಕುರುಡು. ಕಳೆದ ತಿಂಗಳು 24ನೇ ತಾರೀಖಿನಿಂದ ದಿನಕ್ಕೆ 150 ರೂಪಾಯಿಯಲ್ಲಿ ನಾಲ್ಕು ಜನರ ಊಟ ನಾನೇ ಮಾಡುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಏನೂ ಹೇಳದೆ ನಾಲ್ಕು ದಿನ ರಜೆ ತೆಗೆದುಕೊಂಡಳು, ಆಫೀಸಿಗಲ್ಲ, ಅಡುಗೆಗೆ.

ಮೊದಲ ದಿನ ಸೊಪ್ಪಿಗೆಂದು ಎಸಿ ಇರುವ ಅಂಗಡಿಗೆ ಹೋದೆ. ಹೊನಗೊನೆ ಸೊಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿತ್ತು. 60 ರೂಪಾಯಿ. ಅಮ್ಮ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದು ಕಾಲುವೆ ಬದಿಯಲ್ಲಿ ಬೆಳೆಯೋದಲ್ವೇನೋ? ಟಿಕೆಟ್ ಯಾವಾಗಿಂದ ಇಟ್ಟರು?”

ಎರಡನೇ ದಿನ ಬುದ್ಧಿ ಬಂದು ಸಂಜೆ ದೇವರಾಜ ಮಾರುಕಟ್ಟೆಗೆ ಹೋದೆ. ಕತ್ತಲಾದ ಮೇಲೆ ತರಕಾರಿ ತೂಕ ಬಿಟ್ಟು ಗುಡ್ಡೆ ಲೆಕ್ಕಕ್ಕೆ ಇಳಿಯುತ್ತದೆ. ಆಗ ಕೊಳ್ಳುವವನಿಗೂ ಮಾರುವವನಿಗೂ ಮನೆಗೆ ಹೋಗುವ ಆತುರ, ಮಾರುವವನದು ಒಂದು ಗುಲಗಂಜಿ ಹೆಚ್ಚು. ಚೌಕಾಸಿ ಶಾಸ್ತ್ರ ನಿಂತಿರುವುದು ಆ ಗುಲಗಂಜಿಯ ಮೇಲೆ. ಬದನೆಕಾಯಿ ಒಂದು ಗುಡ್ಡೆ ತೆಗೆದುಕೊಂಡು ಕೊಸರು ಕೇಳಿದೆ. ಅಮ್ಮನ ಕಾಲದಲ್ಲಿ ಕೊಸರಿನಿಂದಲೇ ಕರಿಬೇವು, ಕೊತ್ತಂಬರಿ, ಒಂದೆರಡು ಹಸಿಮೆಣಸಿನಕಾಯಿ ಬರುತ್ತಿದ್ದವು, ಚೀಟಿಗಳಲ್ಲಿ ಇವು ಯಾವುವೂ ಇಲ್ಲದಿರುವುದು ಅದಕ್ಕೇ. ವ್ಯಾಪಾರಿ ನನ್ನ ಕೈಯಲ್ಲಿದ್ದ ಫೋನ್ ನೋಡಿ, “ಸ್ಕ್ಯಾನ್ ಮಾಡ್ತೀರಲ್ಲ ಸಾರ್, ಅದರಲ್ಲಿ ಕೊಸರು ಎಲ್ಲಿಂದ ಬರುತ್ತೆ?” ಎಂದ. ಚಿಲ್ಲರೆಯಿಲ್ಲದಿದ್ದಾಗ ಹುಟ್ಟುತ್ತಿದ್ದದ್ದು ಕೊಸರು. ಪೈಸೆ ಪೈಸೆಯೂ ಫೋನಿನಲ್ಲಿ ಸರಿಯಾಗಿ ಹೋಗುವಾಗ ಅದು ಹುಟ್ಟಲು ಸಂದಿಯೇ ಇಲ್ಲ. ಇಡೀ ಪ್ರಯೋಗದಲ್ಲಿ ನಾನು ಕಂಡುಕೊಂಡ ಒಂದೇ ನಿಜವಾದ ಸಂಗತಿ ಇದು. ಅದೂ ಬೇರೆಯವನು ಹೇಳಿದ್ದು.

ಮೂರನೇ ದಿನ ಬಸ್ಸಾರು. ಹುರುಳಿ ನೆನೆಹಾಕಿದೆ, ಬೇಯಿಸಿದೆ, ಸೊಪ್ಪು ಸೇರಿಸಿದೆ. ಮನೆಯೆಲ್ಲ ಘಮ. ಜಾಲರಿ ಹಿಡಿದು ಸಿಂಕಿನ ಮೇಲೆ ಬಸಿದೆ. ಮಗಳಿಗೆ ನೂಡಲ್ಸ್ ಬಸಿದು ಬಸಿದು ಕೈಗೆ ಆದ ಅಭ್ಯಾಸ. ಕೆಳಗೆ ಪಾತ್ರೆ ಇಡಬೇಕಿತ್ತೆಂದು ನೆನಪಾಗುವ ಹೊತ್ತಿಗೆ ಕಟ್ಟು ಕೆಂಪಗೆ ಒಂದು ಸುತ್ತು ತಿರುಗಿ, ಗುಳುಕ್ ಎಂದು ಹೋಯಿತು. ಮೇಲೆ ಪುಟಗಟ್ಟಲೆ ಪ್ರತಿಪಾದಿಸಿದ ಸಿದ್ಧಾಂತ ಚರಂಡಿ ಸೇರಿತು. ಅಮ್ಮ ಆ ರಾತ್ರಿ ಪಲ್ಯಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡಳು. ನನ್ನ ಜೊತೆ ಮಾತಾಡಲಿಲ್ಲ.

ನಾಲ್ಕನೇ ದಿನ ಸಿಲಿಂಡರ್ ಖಾಲಿಯಾಯಿತು. ಲೆಕ್ಕದಲ್ಲಿ ಗ್ಯಾಸ್ ಹಿಡಿದಿರಲಿಲ್ಲ.

‘ಕೈ 10’

ಇನ್ನು ಉಳಿದಿರುವುದು ನಮ್ಮ ಕ್ಷೇತ್ರದ ಅತಿ ಜಟಿಲ ಸಮಸ್ಯೆ. 31 ಚೀಟಿಗಳಲ್ಲಿ 19ರ ಕೆಳಮೂಲೆಯಲ್ಲಿ ‘ಕೈ 10’ ಎಂದಿದೆ. ಕೆಲವು ಕಡೆ ಅದರ ಮೇಲೆ ಅಡ್ಡಗೆರೆ ಎಳೆದಿದೆ.

ಏನಿದು ಕೈ? ಕೈಚಕ್ಕುಲಿ ಎಂಬುದು ಮೊದಲ ವಾದ. ತಿಂಗಳಿಗೆ ಒಂದು ಕಿಲೋ ಎಣ್ಣೆ ತರುವ ಮನೆಯಲ್ಲಿ ಚಕ್ಕುಲಿ ಕರಿದರೆಂದರೆ ನಂಬಲು ನನಗೆ ಆಸೆಯಿದೆ, ಆಧಾರವಿಲ್ಲ. ಕೈತಪ್ಪಿ ಹೋದದ್ದು, ಅಂದರೆ ಕಳೆದುಹೋದ ಹಣ ಎಂಬುದು ಎರಡನೆಯದು. ತಿಂಗಳು ತಿಂಗಳೂ ಸರಿಯಾಗಿ ಹತ್ತೇ ರೂಪಾಯಿ ಕಳೆದುಕೊಳ್ಳುವುದು ಅಪ್ಪನಿಂದಲೂ ಆಗದ ಕೆಲಸ. ಪ್ರಸ್ತುತ ಲೇಖಕನ ವಾದ ಮೂರನೆಯದು: ಕೈ ಎಂದರೆ ‘ಕೈಯಲ್ಲಿ ಉಳಿದದ್ದು’. ಇದರ ಮೇಲೆ ‘ಮಧ್ಯಮ ವರ್ಗದ ಗೃಹಿಣಿಯ ಉಳಿತಾಯ ಪ್ರಜ್ಞೆ’ ಎಂದು ಮೂರು ಪುಟ ಬರೆದು ಅಮ್ಮನಿಗೆ ಓದಿ ಹೇಳಿದೆ.

“ಉಳಿದದ್ದಾ?” ಎಂದು ನಗಲು ಶುರುಮಾಡಿದವಳಿಗೆ ಕೆಮ್ಮು ಹತ್ತಿ ನೀರು ಕೊಡಬೇಕಾಯಿತು. “ಕೈಗಡ ಕಣೋ.”

ವಠಾರದಲ್ಲಿ ಅಪ್ಪನಿಗೆ ಸಂಬಳ ಒಂದನೇ ತಾರೀಖು. ನಲ್ಲಿ ಪಕ್ಕದ ಮನೆಯವರು ಮಿಲ್ಲಿನಲ್ಲಿದ್ದರು, ಅವರಿಗೆ ಏಳು. ಕೊನೇ ಮನೆಯವರು ಗಾರೆ ಕೆಲಸ, ಅವರಿಗೆ ಬಟವಾಡೆ ಶನಿವಾರ ಶನಿವಾರ. ಯಾರ ತಿಂಗಳ ಕೊನೆಯೂ ಇನ್ನೊಬ್ಬರ ತಿಂಗಳ ಕೊನೆಯ ದಿನ ಬರುತ್ತಿರಲಿಲ್ಲ. ಇಪ್ಪತ್ತೈದಕ್ಕೆ ಹತ್ತು ರೂಪಾಯಿ ಕೊನೇ ಮನೆಯಿಂದ ನಮ್ಮ ಮನೆಗೆ ಬರುತ್ತಿತ್ತು. ಒಂದಕ್ಕೆ ವಾಪಸ್ ಹೋಗುವ ಬದಲು ಅವರ ಮಾತಿನ ಮೇಲೆ ನಲ್ಲಿ ಪಕ್ಕದ ಮನೆಗೆ ಹೋಗುತ್ತಿತ್ತು, ಅವರಿಗಿನ್ನೂ ಏಳರವರೆಗೆ ನಡೆಯಬೇಕಲ್ಲ. ಏಳರ ಮೇಲೆ ಮಳೆ ಹಿಡಿದು ಗಾರೆ ಕೆಲಸ ನಿಂತರೆ ಅಲ್ಲಿಂದ ಕೊನೇ ಮನೆಗೆ. “ಒಂದೇ ನೋಟು ಎಷ್ಟೋ ಸಲ. ಮೂಲೆಯಲ್ಲಿ ಅರಿಸಿನದ ಕಲೆ ಆಗಿತ್ತು, ಅದು ನಂದೇ,” ಎಂದಳು. ಮೂರು ಮನೆಯ ಸಾರು ಆ ಹತ್ತು ರೂಪಾಯಿಯ ಮೇಲೆ ಕುದಿಯುತ್ತಿತ್ತು. ನನ್ನ ಮೂರು ಪುಟವನ್ನು ಹರಿದು, ಹಿಂಬದಿ ಖಾಲಿಯಿದ್ದುದರಿಂದ, ಅಮ್ಮನಿಗೆ ಚೀಟಿ ಬರೆಯಲು ಕೊಟ್ಟಿದ್ದೇನೆ.

ಅಡ್ಡಗೆರೆ ಎಳೆದದ್ದು ತೀರಿದ ಬಾಬ್ತು. 31ನೆಯ ಚೀಟಿಯ, ಅಂದರೆ 1989ರ ನವೆಂಬರಿನ ‘ಕೈ 10’ರ ಮೇಲೆ ಗೆರೆಯಿಲ್ಲ. ಯಾರಾದರೂ ನಮಗೆ ಕೊಡಬೇಕಾದದ್ದು ಉಳಿಯಿತೇ ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಾವು ಕೊಟ್ಟಿದ್ದಲ್ಲ, ತಂದದ್ದು. ಆ ಸಲ ಮಿಲ್ಲಿನವರ ಹತ್ತಿರ. ಇಪ್ಪತ್ತೆಂಟನೇ ತಾರೀಖು ಮನೆ ಖಾಲಿ ಮಾಡಿದ್ರು. ನಿಮ್ಮಪ್ಪನಿಗೆ ಸಂಬಳ ಆಗಿರಲಿಲ್ಲ.”

ಆದ್ದರಿಂದ ಪ್ರಬಂಧವನ್ನು ಇಲ್ಲಿಗೆ ನಿಲ್ಲಿಸಿ ಒಂದು ಸಾರ್ವಜನಿಕ ವಿನಂತಿ. 1989ರವರೆಗೆ ಮೈಸೂರಿನ ಅಗ್ರಹಾರದ ವಠಾರದಲ್ಲಿ, ನಲ್ಲಿ ಪಕ್ಕದ ಮನೆಯಲ್ಲಿದ್ದು, ಮಿಲ್ಲಿನ ಕೆಲಸ ಬಿಟ್ಟು ಊರಿಗೆ ಹೋದವರು ಅಥವಾ ಅವರ ಮಕ್ಕಳು ಇದನ್ನು ಓದಿದರೆ ದಯವಿಟ್ಟು ಬನ್ನಿ. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ಒಂದು ಮಧ್ಯಾಹ್ನದ ಊಟಕ್ಕೆ ಇಟ್ಟ ಬೆಲೆ 10 ರೂಪಾಯಿ. ಅಷ್ಟು ನಿಮಗೆ ಬರಬೇಕಿದೆ. ಬಡ್ಡಿ ಕೊಡುವ ಶಕ್ತಿ ಶಾಸ್ತ್ರಕಾರನಿಗಿಲ್ಲ. ಇಪ್ಪತ್ತೈದರ ಮೇಲೆ ಬರುವುದಾದರೆ ಒಂದು ಮಾತು ಮೊದಲೇ ತಿಳಿಸಿ, ಕೊಡಪಾನ ತುಂಬಿಸಿಡುತ್ತೇವೆ.